ಕರಡು ಬರೆಯುವ ಮುಂಚೆ ಮೂವರು ಓದುಗರು

ಎರಡೂವರೆ ಸಾವಿರ ಪದದ ಕಥೆ ಬರೆದು ಮುಗಿಸಿದ ಮೇಲೆ ಯಾರಾದರೂ 'ಈ ಅಣ್ಣ ಯಾಕೆ ಹೀಗೆ ಮಾಡಿದ?' ಎಂದರೆ ಅಣ್ಣನ ಪರ ವಕೀಲಿಕೆ ಶುರುವಾಗುತ್ತದೆ. ಅದೇ ಪ್ರಶ್ನೆ ನೂರೈವತ್ತು ಪದದ ಎಳೆಗೆ ಬಂದರೆ ಕೂತಲ್ಲೇ ಅಣ್ಣನನ್ನು ತಂಗಿ ಮಾಡಬಹುದು. ಹೀಗಾಗಿ ನಾನು ಕಥೆಯನ್ನು ಜನರಿಗೆ ತೋರಿಸುವುದು ಕರಡು ಬರೆಯುವ ಮುಂಚೆ.

ಎಳೆಯನ್ನು 150ರಿಂದ 200 ಪದಗಳಲ್ಲಿ ಬರೆದುಕೊಳ್ಳುತ್ತೇನೆ. ಯಾರ ಕಥೆ, ಅವರಿಗೆ ಏನು ಬೇಕು, ಅಡ್ಡ ಬರುವುದು ಏನು, ಯಾವ ಊರು, ಯಾವ ತಿಂಗಳು, ಕೊನೆಗೆ ಯಾರು ಏನನ್ನು ಬಿಟ್ಟುಕೊಡಬೇಕಾಗುತ್ತದೆ, ಇಷ್ಟೇ. ವರ್ಣನೆ, ಸಂಭಾಷಣೆ ಬೇಡ. ಒಂದು ಚಂದದ ಸಾಲು ನುಸುಳಿದರೂ ಓದುವವರು ಅದನ್ನೇ ಹೊಗಳಿ ಮಾತು ಮುಗಿಸುತ್ತಾರೆ. 'ಇನ್ನೂ ಸರಿಯಾಗಿ ಬಂದಿಲ್ಲ, ಸುಮ್ಮನೆ ಗೀಚಿದ್ದು' ಎಂಬ ಪೀಠಿಕೆಯೂ ಬೇಡ. ಅದನ್ನು ಕಂಡವರು ಸಮಾಧಾನ ಹೇಳಲು ಹೊರಡುತ್ತಾರೆ, ತಪ್ಪು ಹೇಳುವುದಿಲ್ಲ.

ಒಂದು ಎಳೆ ತೆಗೆದುಕೊಳ್ಳೋಣ. ಉತ್ತರ ಕನ್ನಡದ ಕುಮಟಾ ಕಡೆ ಅಘನಾಶಿನಿ ಹೊಳೆದಂಡೆಯ ಗಜನಿ ಭೂಮಿ, ಅಂದರೆ ಸಮುದ್ರದ ಉಪ್ಪುನೀರು ಏರಿಬರುವ ತಗ್ಗು ಗದ್ದೆ. ಅಣ್ಣನಿಗೆ ಅದನ್ನು ಸಿಗಡಿ ಸಾಕುವವರಿಗೆ ಗೇಣಿ ಕೊಡುವ ಆಸೆ, ತಮ್ಮನಿಗೆ ಕಗ್ಗ ಭತ್ತವನ್ನೇ ಬೆಳೆಯುವ ಹಟ. ಏಪ್ರಿಲ್ ತಿಂಗಳ ಒಂದು ರಾತ್ರಿ ಅಣ್ಣ ಸಿಟ್ಟಿನಲ್ಲಿ ಕಟ್ಟೆಯ ಬಾಗಿಲು ತೆಗೆಯುತ್ತಾನೆ. ಉಪ್ಪುನೀರು ನುಗ್ಗುತ್ತದೆ, ಬೆಳೆ ಸಾಯುತ್ತದೆ. ಪೇಟೆಯಲ್ಲಿ ಕೂತು ಓದಿದರೆ ಎಲ್ಲಿಯೂ ಅಡ್ಡಿಯಿಲ್ಲ.

ಗಜನಿ ಗೊತ್ತಿದ್ದವರ ಕೈಗೆ ಕೊಟ್ಟರೆ ಒಂದೇ ನಿಮಿಷ. 'ಏಪ್ರಿಲ್‌ನಲ್ಲಿ ಕಗ್ಗ ಎಲ್ಲಿ ಇರ್ತದೆ ಮಾರಾಯ್ರೆ?' ಕಗ್ಗವನ್ನು ಬಿತ್ತುವುದು ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋಗುವ ಜೂನ್ ಹೊತ್ತಿಗೆ, ಕೊಯ್ಲು ಅಕ್ಟೋಬರ್-ನವೆಂಬರ್‌ಗೆ. ಆಮೇಲೆ ಗದ್ದೆಗೆ ಉಪ್ಪುನೀರನ್ನು ತಾವಾಗಿಯೇ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಜೊತೆಗೆ ಇನ್ನೊಂದು ಮಾತು ಬರುತ್ತದೆ: ಒಂದು ರಾತ್ರಿಯ ಉಪ್ಪುನೀರಿಗೆ ಕಗ್ಗ ಸಾಯುವುದಿಲ್ಲ, ಅದು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಈ ಎರಡನೆಯ ಮಾತಿಗೇ ಕಥೆ ತಿರುಗುತ್ತದೆ. ಬೆಳೆ ಸಾಯಬೇಕಾದರೆ ಬಾಗಿಲು ದಿನಗಟ್ಟಲೆ ತೆರೆದೇ ಇರಬೇಕು. ಅಂದರೆ ಇದು ಒಂದು ರಾತ್ರಿಯ ಸಿಟ್ಟಲ್ಲ; ಕೇರಿಯವರೆಲ್ಲ ನೋಡಿಯೂ ಸುಮ್ಮನಿದ್ದರು. ಅಣ್ಣ-ತಮ್ಮಂದಿರ ಜಗಳದ ಕಥೆ ಬಾಯಿ ಮುಚ್ಚಿಕೊಂಡ ಕೇರಿಯ ಕಥೆಯಾಗುತ್ತದೆ. ಇಂಥದ್ದು ಸಾಹಿತ್ಯ ಓದಿದವರಿಂದ ಸಿಗುವುದು ಕಡಿಮೆ.

ಹೀಗಾಗಿ ಮೂವರನ್ನು ಆರಿಸುವಾಗ ಮೊದಲ ಜಾಗ ಕೆಲಸ ಬಲ್ಲವರಿಗೆ. ಎರಡನೆಯವರು ಓದುವ ಚಟವಿದ್ದು ಬರೆಯದವರು. ಮೂರನೆಯವರು ಬರೆಯುವವರು, ಆದರೆ ಒಬ್ಬರೇ ಸಾಕು. ಬರೆಯುವವರಿಗೆ ಎಳೆ ಕೊಟ್ಟರೆ ತಮ್ಮದೇ ಕಥೆ ಕಟ್ಟಿಕೊಡುವ ಅಭ್ಯಾಸ. ಅಂಥವರು ಇಬ್ಬರಿದ್ದರೆ ನಿಮ್ಮ ಕಥೆ ನಿಮಗೇ ಸಿಗುವುದಿಲ್ಲ. ಮನೆಯವರನ್ನು ಈ ಹಂತದಲ್ಲಿ ಸೇರಿಸುವುದಿಲ್ಲ. ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಹಾಕಿದರೆ ಬರುವುದು ಹೆಬ್ಬೆರಳು ಮತ್ತು ಹೂವು.

ಕೇಳುವ ಹೊತ್ತೂ ನೋಡಬೇಕು. ಯಂತ್ರದೋಣಿಯವರಿಗೆ ಬಿಡುವು ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ. ಆಗಸ್ಟ್ ಮೊದಲ ವಾರ ಕೇಳಿದರೆ ಫೋನ್ ಕೂಡ ಎತ್ತುವುದಿಲ್ಲ. ಶಿರಸಿ, ಸಿದ್ದಾಪುರದ ತೋಟದವರಿಗೆ ಮಳೆಗಾಲದ ಮೊದಲ ಮದ್ದು ಹೊಡೆಯುವ ದಿನಗಳಲ್ಲಿ ಕಥೆ ಬೇಡ, ಅಡಿಕೆ ಕೊಯ್ಲು ಸುಲಿತದ ಚಳಿಗಾಲದಲ್ಲಂತೂ ಬೇಡವೇ ಬೇಡ.

ಬರಹಕ್ಕೆ ಒಗ್ಗದವರಿಗೆ ಬಾಯಲ್ಲೇ ಹೇಳುತ್ತೇನೆ. ಕಾರವಾರದಲ್ಲಿ ಕೊಂಕಣಿ ಮನೆಮಾತಿನವರೇ ಹೆಚ್ಚು. ಈ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು, ಕಾರವಾರದ ಹಿರಿಯರಲ್ಲಿ ಮರಾಠಿಯಲ್ಲಿ ಓದಿ ಬೆಳೆದವರೂ ಇದ್ದಾರೆ. ಅವರ ಕೈಗೆ ಕನ್ನಡದ ಹಾಳೆ ಕೊಟ್ಟರೆ ಮರ್ಯಾದೆಗೆ ಓದುತ್ತಾರೆ. ಕೊಂಕಣಿಯಲ್ಲಿ ಹೇಳಿದರೆ ನಡುವೆ ತಡೆದು ಕೇಳುತ್ತಾರೆ. ಮೂರು ನಿಮಿಷಕ್ಕಿಂತ ಹೆಚ್ಚು ಹೇಳಬಾರದು. ಇಡೀ ಕಥೆಯನ್ನು ಬಾಯಲ್ಲಿ ಹೇಳಿ ಮುಗಿಸಿದರೆ ಆಮೇಲೆ ಬರೆಯುವ ಹುಮ್ಮಸ್ಸು ಉಳಿಯುವುದಿಲ್ಲ.

'ಹೇಗಿದೆ?' ಎಂದು ಕೇಳಿದರೆ ಒಂದು ಮನೆಯಲ್ಲಿ 'ಚೊಲೋ ಇದ್ದು', ಇನ್ನೊಂದು ಮನೆಯಲ್ಲಿ 'ಚಲೋ ಅದೆ'. ಎರಡರಿಂದಲೂ ಉಪಯೋಗವಿಲ್ಲ. ನಾನು ಕೇಳುವುದು ಮೂರೇ: ಎಲ್ಲಿ ನಂಬಿಕೆ ಬರಲಿಲ್ಲ? ನೀವು ಯಾರ ಪರ? ಮುಂದೆ ಏನಾಗುತ್ತದೆ ಅನ್ನಿಸಿತು? ಮೂರನೆಯದಕ್ಕಾಗಿ ಓದುವ ಚಟದವರಿಗೆ ಮಾತ್ರ ಅಂತ್ಯವನ್ನು ಮುಚ್ಚಿಟ್ಟು ಕೊಡುತ್ತೇನೆ. ಬರೆಯುವವರಿಗೆ ಅಂತ್ಯ ಸಮೇತ. ನಾಲ್ಕೈದು ದಿನ ಗಡುವು ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಸಂಕೋಚದಿಂದ ಅವರೇ ತಪ್ಪಿಸಿಕೊಂಡು ಓಡಾಡುತ್ತಾರೆ.

ಇನ್ನೊಂದು ಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಎರಡು ದಿನ ಬಿಟ್ಟು, ಹಾಳೆ ನೋಡದೆ ಆ ಎಳೆಯನ್ನು ವಾಪಸ್ ಹೇಳಲು ಕೇಳುವುದು. ಅವರು ಮರೆತ ಪಾತ್ರ ಬೇಕಾಗಿಯೇ ಇರಲಿಲ್ಲ. ಅವರು ತಾವಾಗಿ ಸೇರಿಸಿದ ಕಾರಣ ನಾನು ಬಿಟ್ಟ ಜಾಗವನ್ನು ತೋರಿಸುತ್ತದೆ.

ನಮ್ಮ ಕಡೆಯ ನಿಜವಾದ ತೊಂದರೆ ಬೇರೆ: ಕಥೆ ಯಾರ ಮನೆಯದೆಂದು ಗುರುತು ಸಿಕ್ಕಿಬಿಡುವುದು. ಹೆಗಡೆ, ಗೌಡ, ನಾಯ್ಕ, ಹರಿಕಂತ್ರ, ಅಂಬಿಗ, ಮೇಸ್ತ - ಅಡ್ಡಹೆಸರು ಬರೆದ ಕೂಡಲೇ ಓದುಗರಿಗೆ ಜಾತಿ ಗೊತ್ತಾಯಿತು, ಅರ್ಧ ಊರೂ ಗೊತ್ತಾಯಿತು. ಉಳಿದರ್ಧ ಹೊಳೆಯ ಹೆಸರಿನಿಂದ. ಹೆಸರೊಂದನ್ನು ಬದಲಿಸಿದರೆ ಸಾಲದು. ಸಂಬಂಧ, ಕಸುಬು, ತಾಲೂಕು, ಇವುಗಳಲ್ಲಿ ಕನಿಷ್ಠ ಎರಡು ಬದಲಾಗಬೇಕು. ಹಾಗಾಗಿ ಎಳೆಯನ್ನು ಮೊದಲು ಬೇರೆ ತಾಲೂಕಿನವರಿಗೇ ಕೊಡುವುದು, ಅವರಿಗೆ ಅದು ಬರೀ ಕಥೆ. ಆಮೇಲೆ ಸ್ಥಳೀಯರಿಬ್ಬರನ್ನು ಬೇರೆಬೇರೆಯಾಗಿ 'ಇದು ಯಾರ ಮನೆ ಸುದ್ದಿ ಅನ್ನಿಸ್ತು?' ಎಂದು ಕೇಳುವುದು. ಇಬ್ಬರೂ ಒಂದೇ ಮನೆ ಹೇಳಿದರೆ ಮತ್ತೆ ಬದಲಿಸಬೇಕು. ಇಬ್ಬರೂ ಬೇರೆಬೇರೆ ಮನೆ ಹೇಳಿದರೆ ಧೈರ್ಯವಾಗಿ ಬರೆಯಬಹುದು.

ಎಳೆ ಕದಿಯುತ್ತಾರೆಂಬ ಹೆದರಿಕೆ ಹೊಸಬರಿಗೆ ಇದ್ದೇ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಬರೆದ ರೂಪಕ್ಕೆ ರಕ್ಷಣೆ ಕೊಡುತ್ತದೆ, ಬರೀ ಕಲ್ಪನೆಗಲ್ಲ. ಕಳಿಸಿದ್ದರ ಒಂದು ಪ್ರತಿಯನ್ನು ನನ್ನದೇ ಇಮೇಲಿಗೆ ಹಾಕಿಡುತ್ತೇನೆ, ದಿನಾಂಕ ಸಮೇತ ಉಳಿಯುತ್ತದೆ. ಅದಕ್ಕಿಂತ ಜಾಗ್ರತೆ ಬೇಕಾದದ್ದು ಪೂರ್ತಿ ಕರಡನ್ನು ಫೇಸ್‌ಬುಕ್‌ಗೆ ಹಾಕದಿರುವುದರಲ್ಲಿ: ಎಲ್ಲೂ ಪ್ರಕಟವಾಗಿರಬಾರದು ಎಂಬ ನಿಯಮವಿರುವ ಕಥಾಸ್ಪರ್ಧೆಗೆ ಅದು ಆಮೇಲೆ ಹೋಗದೆ ಉಳಿಯಬಹುದು. ಇನ್ನು, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ವಾಟ್ಸಾಪಿನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಯುನಿಕೋಡಿಗೆ ಬದಲಿಸಿ ಕಳಿಸಿ.

ಉತ್ತರ ಬಂದಾಗ ವಾದ ಮಾಡುವುದಿಲ್ಲ. 'ಆಯ್ತು, ಬರ್ಕೊಂಡೆ' ಎಂದು ಅವರ ಮಾತನ್ನು ಅವರ ಮಾತಲ್ಲೇ ಬರೆದುಕೊಳ್ಳುತ್ತೇನೆ, ಎರಡು ಸಾಲು ಮಾಡಿ: ಒಂದರಲ್ಲಿ ಅವರ ದೂರು, ಇನ್ನೊಂದರಲ್ಲಿ ಅವರು ಹೇಳಿದ ಮದ್ದು. ದೂರು ಸಾಮಾನ್ಯವಾಗಿ ನಿಜ, ಮದ್ದು ಅಪರೂಪಕ್ಕೆ ತಾಗುತ್ತದೆ. 'ತಮ್ಮನಿಗೊಂದು ಮದುವೆ ಮಾಡಿಸಿ' ಎಂದವರ ಮಾತಿನ ಹಿಂದೆ ಇರುವುದು ತಮ್ಮನಿಗೆ ಕಳೆದುಕೊಳ್ಳಲು ಏನೂ ಇಲ್ಲ ಎಂಬ ದೂರು; ಅದಕ್ಕೆ ಮದುವೆಯೇ ಬೇಕಿಲ್ಲ, ಕಗ್ಗದ ಬೀಜ ಊರಲ್ಲಿ ಅವನೊಬ್ಬನ ಬಳಿ ಉಳಿದಿದ್ದರೂ ಆಯಿತು. ಕಸುಬಿನ ತಪ್ಪನ್ನು ಒಬ್ಬರೇ ಹೇಳಿದರೂ ಅಂದೇ ತಿದ್ದುತ್ತೇನೆ. ರುಚಿಯ ಮಾತು ಒಬ್ಬರದಾದರೆ ಬಿಡುತ್ತೇನೆ. ಮೂವರಲ್ಲಿ ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಅವರ ಕಾರಣಗಳು ಬೇರೆಬೇರೆಯಿದ್ದರೂ ಆ ಜಾಗವನ್ನು ಮತ್ತೆ ಕಟ್ಟುತ್ತೇನೆ.

ಇಷ್ಟಾದ ಮೇಲೆ ಕರಡು. ಅದನ್ನು ಮತ್ತೆ ಈ ಮೂವರಿಗೇ ಕೊಟ್ಟರೆ ಹಾಳೆಯಲ್ಲಿ ಇಲ್ಲದ್ದನ್ನೂ ಎಳೆಯ ನೆನಪಿನಿಂದ ತುಂಬಿಕೊಂಡು ಓದುತ್ತಾರೆ. ಕಸುಬು ಬಲ್ಲವರಿಗೆ ಅವರ ಭಾಗವನ್ನಷ್ಟೇ ತೋರಿಸಿ, ಉಳಿದದ್ದನ್ನು ಎಳೆ ಕೇಳಿರದ ಒಬ್ಬರಿಗೆ ಕೊಡುತ್ತೇನೆ.