ಕಿವಿರು ಸಣ್ಣಗಾದ ಮಾತ್ರಕ್ಕೆ ರೂಪಾಂತರ ಅಲ್ಲ, ಮೊದಲು ಬೆನ್ನಿನ ರೆಕ್ಕೆ ನೋಡಿ: ಕಲಬುರಗಿಯಲ್ಲಿ ಆಕ್ಸೊಲಾಟಲ್ ಸಾಕಿದ ನನ್ನ ಅನುಭವ

ಆಕ್ಸೊಲಾಟಲ್ ಅಂದರೆ ತಲೆಯ ಪಕ್ಕ ಗರಿಯಂಥ ಕಿವಿರು ಇಟ್ಟುಕೊಂಡು ತಂಪು ನೀರಲ್ಲೇ ಬಾಳುವ, ಮೆಕ್ಸಿಕೋ ಮೂಲದ ಸಾಲಮಾಂಡರ್. ಕಲಬುರಗಿಯಲ್ಲಿ ಅದು ಬದುಕಲ್ಲ ಅಂತ ಅಕ್ವೇರಿಯಂ ಇಟ್ಟ ಗೆಳೆಯರೆಲ್ಲ ಹೇಳಿದ್ದರು. ಮೇ ತಿಂಗಳ 42 ಡಿಗ್ರಿ ದಾಟಿ ನನ್ನದು ಈಗಲೂ ಎರೆಹುಳ ನುಂಗುತ್ತಿದೆ. ಲ್ಯೂಸಿಸ್ಟಿಕ್, ಅಂದರೆ ಬಿಳಿ ಮೈ ಕಪ್ಪು ಕಣ್ಣಿನ ಬಗೆ, ಉದ್ದ 22 ಸೆಂಟಿಮೀಟರ್ ಆಸುಪಾಸು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ.

ಮಾರ್ಚ್‌ನಲ್ಲಿ ಕಿವಿರಿನ ಎಳೆಗಳು ತೆಳ್ಳಗಾದವು, ಕಿವಿರು ಮುಂದಕ್ಕೆ ಬಾಗಿತು, ಬಾಲದ ತುದಿ ಕೊಕ್ಕೆಯಾಯಿತು. ನೋಡಿದವರು ರೂಪಾಂತರ ಆಗ್ತಿದೆ, ಕಿವಿರು ಕಳೆದು ನೆಲದ ಪ್ರಾಣಿ ಆಗ್ತಿದೆ, ನೀರು ಇಳಿಸು, ನೆಲಕ್ಕೆ ಬರಲಿ ಅಂದರು. ನಾನು ಒಪ್ಪಲಿಲ್ಲ. ರೂಪಾಂತರ ಆದರೆ ಬೆನ್ನಿಂದ ಬಾಲದವರೆಗಿನ ರೆಕ್ಕೆಯೂ ಕರಗಬೇಕು, ಕಣ್ಣು ಉಬ್ಬಿ ರೆಪ್ಪೆ ಮೂಡಬೇಕು, ಅಲ್ವಾ? ನನ್ನದರ ರೆಕ್ಕೆ ಹಾಗೇ ಇತ್ತು.

ಆಮೇಲೆ ಪ್ರತಿ ಭಾನುವಾರ ಅದೇ ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿಂದ ಒಂದು ಫೋಟೊ ತೆಗೆದೆ. ಫೋಟೊ ಜೊತೆಗೆ ನೀರಿನ ಬಿಸಿ ಮತ್ತು ಅಮೋನಿಯಾ (ಪ್ರಾಣಿಯ ಕೊಳಕಿನಿಂದ ನೀರಿಗೆ ಸೇರುವ ವಿಷ) ಬರೆದಿಟ್ಟೆ. ಫೋಟೊಗಳನ್ನು ಸಾಲಾಗಿ ಇಟ್ಟಾಗ ಎಲ್ಲ ಕಾಣಿಸಿತು. ನೀರು 24 ಡಿಗ್ರಿ ದಾಟಿದ ಕೆಲವೇ ದಿನಕ್ಕೆ ಕಿವಿರು ಬಾಗುತ್ತಿತ್ತು, ಅಮೋನಿಯಾ 0.5 ಪಿಪಿಎಂ ಹತ್ತಿರ ಬಂದ ವಾರಗಳಲ್ಲಿ ಎಳೆ ಉದುರುತ್ತಿತ್ತು. ಬಿಸಿ ನೀರಲ್ಲಿ ಅಮೋನಿಯಾ ವಿಷ ಇನ್ನೂ ಜಾಸ್ತಿ.

ತಂಪು ಮಾಡೋದಕ್ಕೇ ದುಡ್ಡು ಹರಿದುಹೋಯಿತು. ಐಸ್ ಬಾಟಲಿ ಹಾಕಿದರೆ ಬಿಸಿ ಗಂಟೆಗಂಟೆಗೆ ಏರಿಳಿದು ಬಾಲದ ಕೊಕ್ಕೆ ಇನ್ನೂ ಬಿಗಿಯಾಯಿತು. ಸುಮಾರು ನಾಲ್ಕು ಸಾವಿರದ ಪೆಲ್ಟಿಯರ್ ಕೂಲರ್ (ಕಂಪ್ರೆಸರ್ ಇಲ್ಲದೆ ಕರೆಂಟಿನ ಚಿಪ್‌ನಿಂದ ತಂಪು ಮಾಡುವ ಸಾಧನ) 80 ಲೀಟರ್ ಟ್ಯಾಂಕಿಗೆ ಎರಡು ಡಿಗ್ರಿಯನ್ನೂ ಇಳಿಸಲಿಲ್ಲ, ಅದು ಸುಮ್ನೆ ದಂಡ. ಫ್ಯಾನ್ ಮಾತ್ರ ನಮ್ಮೂರಿಗೆ ಹೇಳಿ ಮಾಡಿಸಿದ್ದು, ಏಪ್ರಿಲ್‌ನ ಒಣಗಾಳಿಗೆ ನೀರು ಆರಿ ನಾಲ್ಕು ಡಿಗ್ರಿವರೆಗೂ ಇಳಿಯುತ್ತದೆ, ಆದರೆ 36 ಡಿಗ್ರಿ ಕೋಣೆಯಲ್ಲಿ ಅದು ಎಲ್ಲಿಗೆ ಸಾಲುತ್ತೆ, ಮಳೆಗಾಲದ ತೇವಕ್ಕಂತೂ ಕೆಲಸವೇ ಮಾಡಲ್ಲ. ಕೊನೆಗೆ ಫ್ರಿಜ್‌ನಂತೆ ನೀರು ತಂಪು ಮಾಡುವ ಕಂಪ್ರೆಸರ್ ಚಿಲ್ಲರ್ ತಂದೆ, 26 ಸಾವಿರ ಆಗಿರಬೇಕು. ಕರೆಂಟ್ ಬಿಲ್ ತಿಂಗಳಿಗೆ ಎಂಟುನೂರು ಏರಿತು. ನೀರು 18ಕ್ಕೆ ನಿಂತಿತು.

ಬದಲಿಸುವ ನೀರನ್ನು ಹಿಂದಿನ ದಿನವೇ ಮಣ್ಣಿನ ಹರವಿಯಲ್ಲಿ ತುಂಬಿಡುತ್ತೇನೆ, ಬಿಟ್ಟಿ ತಂಪು. ತಳಕ್ಕೆ ಜಲ್ಲಿ ಬೇಡ, ನುಂಗುತ್ತದೆ. ನಾನು ಶಹಾಬಾದ್ ಕಲ್ಲಿನ ಪರಸಿ ಹಾಸಿ ನೋಡಿದೆ. ಕಾಲು ಜಾರಲಿಲ್ಲ, ಸುಣ್ಣದ ಕಲ್ಲಾದ್ದರಿಂದ ನೀರು ಗಡಸಾಗಬಹುದು, ಆದರೆ ಈ ಪ್ರಾಣಿಗೆ ಗಡಸು ನೀರೇ ಒಗ್ಗುತ್ತದೆ. ಬಿಸಿಲಲ್ಲಿ ಊಟ ಬಿಟ್ಟಾಗ ತಿನ್ನಿಸುವ ಉಪಾಯವೂ ಒಂದಿದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬಾಲ ಒಂದೇ ವಾರದಲ್ಲಿ ನೆಟ್ಟಗಾಯಿತು. ಕಿವಿರಿನ ಎಳೆ ತುಂಬಿಕೊಳ್ಳಲು ಎರಡು ತಿಂಗಳ ಮೇಲಾಯಿತು. ರೂಪಾಂತರ ಅಂದವರಿಗೆ ಫೋಟೊ ಸಾಲು ತೋರಿಸಿದೆ, ಈಗ ಅವರೂ ಭಾನುವಾರ ಸ್ಕೇಲ್ ಹಿಡಿಯುತ್ತಾರೆ.

ಈಗ ಬೆರಳ ತುದಿ ಕಪ್ಪಾಗಿದೆ, ಹಿಂಗಾಲಿನ ಹಿಂದೆ ಊದಿದೆ. ರೋಗ ಅಂತ ಮತ್ತೆ ಗಲಾಟೆ. ಲ್ಯೂಸಿಸ್ಟಿಕ್ ಪ್ರಾಯಕ್ಕೆ ಬಂದಾಗ ಬೆರಳು ಕಪ್ಪಾಗುವುದು ಸಹಜ, ಆ ಊತ ಗಂಡಿನ ಗುರುತು. ಫಂಗಸ್ ಆದರೆ ಬಿಳಿ ಹತ್ತಿಯಂತೆ ಅಂಟಿರುತ್ತದೆ. ಅದಿಲ್ಲದೆ ಟ್ಯಾಂಕಿಗೆ ಔಷಧಿ ಸುರಿಯಬೇಡಿ.