ಒಸಡಿನ ಉರಿಯೂತಕ್ಕೆ ಅಂಕ ಹಾಕುವ ಬಗೆ

ರೋಗಿಯ ಕಾರ್ಡಿನಲ್ಲಿ ‘ಒಸಡು ಕೆಂಪು, ಊತ ಇದೆ’ ಎಂದಷ್ಟೇ ಬರೆದಿದ್ದರೆ ಮುಂದಿನ ಭೇಟಿಯಲ್ಲಿ ವಾಸಿಯಾಯಿತೋ ಹೆಚ್ಚಾಯಿತೋ ಹೇಳಲಾಗದು. ಹಾಗಾಗಿ ನಾನು ಲೋ ಮತ್ತು ಸಿಲ್ನೆಸ್ 1963ರಲ್ಲಿ ಪ್ರಕಟಿಸಿದ ಜಿಂಜೈವಲ್ ಇಂಡೆಕ್ಸ್ (ಒಸಡಿನ ಉರಿಯೂತವನ್ನು 0ಯಿಂದ 3ರವರೆಗಿನ ಅಂಕದಲ್ಲಿ ಅಳೆಯುವ ಸೂಚ್ಯಂಕ) ಬಳಸುತ್ತೇನೆ. ದಂತವೈದ್ಯರು ಹಲ್ಲುಗಳನ್ನು ಗುರುತಿಸುವ ಸಂಖ್ಯೆಯಲ್ಲಿ 16, 12, 24, 36, 32, 44 ಈ ಆರು ಹಲ್ಲು, ಒಂದೊಂದಕ್ಕೂ ನಾಲ್ಕು ಜಾಗ: ಕೆನ್ನೆಯ ಕಡೆ ಮೂರು, ನಾಲಿಗೆ ಅಥವಾ ಅಂಗುಳಿನ ಕಡೆ ಒಂದು.

ಸ್ಕೇಲಿಂಗಿಗೂ (ಹಲ್ಲಿನ ಕಿಟ್ಟ ತೆಗೆಯುವುದು) ಪ್ಲಾಕ್ (ಹಲ್ಲಿಗಂಟುವ ಬ್ಯಾಕ್ಟೀರಿಯಾದ ಪದರ) ತೋರಿಸುವ ಬಣ್ಣ ಹಚ್ಚುವುದಕ್ಕೂ ಮೊದಲೇ ಅಂಕ ಹಾಕಿ ಮುಗಿಸುತ್ತೇನೆ. ಬಣ್ಣ ಬಿದ್ದ ಮೇಲೆ ಒಸಡಿನ ಕೆಂಪು ಗೊತ್ತಾಗುವುದಿಲ್ಲ. ಗಾಳಿ ಹಾಯಿಸಿ ಒಣಗಿಸದಿದ್ದರೆ ಎಂಜಲಿನ ಹೊಳಪೇ ಊತದ ಹೊಳಪಿನಂತೆ ಕಾಣುತ್ತದೆ. ಒಣಗಿಸಿ, ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಪ್ರೋಬ್, ಅಂದರೆ ಒಸಡನ್ನು ತಾಗಿಸಿ ನೋಡುವ ತೆಳು ಕಡ್ಡಿಯಂಥ ಉಪಕರಣ. ಆರೋಗ್ಯವಾಗಿದ್ದರೆ 0. ಬಣ್ಣ ತುಸು ಬದಲಾಗಿ, ಸ್ವಲ್ಪ ಊದಿ, ರಕ್ತ ಬರದಿದ್ದರೆ 1. ಕೆಂಪು, ಊತ, ಹೊಳಪಿನ ಜೊತೆ ಪ್ರೋಬ್ ತಾಗಿ ರಕ್ತ ಬಂದರೆ 2. ಹುಣ್ಣಾಗಿದ್ದರೆ ಇಲ್ಲವೇ ತಾನಾಗಿಯೇ ರಕ್ತ ಒಸರುವಂತಿದ್ದರೆ 3.

ಎಡವುವುದು ಹೆಚ್ಚಾಗಿ 1 ಮತ್ತು 2ರ ನಡುವೆ, ಅದಕ್ಕೆ ಕಾರಣ ಕೈಯ ಒತ್ತಡ. ಇಲ್ಲಿ ಪ್ರೋಬನ್ನು ಪಾಕೆಟಿನ (ಹಲ್ಲು, ಒಸಡುಗಳ ನಡುವಿನ ಸಂದು) ತಳದವರೆಗೆ ಇಳಿಸಬಾರದು. ಒಸಡಿನ ಅಂಚಿನ ಒಳಮೈಗೆ ತಾಗಿಸಿ ಹಗುರವಾಗಿ ಸವರಬೇಕು. ತಳ ಮುಟ್ಟಿಸಿ ನೋಡುವುದು ‘ಬ್ಲೀಡಿಂಗ್ ಆನ್ ಪ್ರೋಬಿಂಗ್’ ಎಂಬ ಬೇರೆ ಪರೀಕ್ಷೆ. ಅಲ್ಲಿ ಒತ್ತಡ 20–25 ಗ್ರಾಂ ಮೀರಿದರೆ ಆರೋಗ್ಯವಂತ ಒಸಡೂ ಗಾಯವಾಗಿ ರಕ್ತ ಸುರಿಸುತ್ತದೆ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಪ್ರೋಬಿನ ತುದಿ ಒತ್ತಿ ಕೈಗೆ ಆ ಅಳತೆ ರೂಢಿ ಮಾಡಿಸುವುದು ಒಳ್ಳೆಯದು. ರಕ್ತ ಕೂಡಲೇ ಕಾಣಿಸದೆಯೂ ಇರಬಹುದು. ಎರಡು ಮೂರು ಹಲ್ಲು ಮುಗಿಸಿ, ಸುಮಾರು ಹತ್ತರಿಂದ ಮೂವತ್ತು ಸೆಕೆಂಡಿನೊಳಗೆ ಹಿಂದಿರುಗಿ ನೋಡುತ್ತೇನೆ.

24 ಜಾಗಗಳ ಮೊತ್ತ 38 ಬಂತೆನ್ನಿ: 38 ÷ 24 = 1.58. 1ರವರೆಗೆ ಸೌಮ್ಯ, 1.1ರಿಂದ 2 ಮಧ್ಯಮ, 2.1ರ ಮೇಲೆ ತೀವ್ರ. ಆದರೆ ಸರಾಸರಿಯನ್ನೇ ನಂಬಬೇಡಿ. ಇಪ್ಪತ್ತು ಜಾಗ 1, ನಾಲ್ಕು ಜಾಗ 3 ಇದ್ದರೂ ಸರಾಸರಿ 1.33, ಆ ನಾಲ್ಕು ಹುಣ್ಣುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಹಲ್ಲುವಾರು ಅಂಕವನ್ನೂ ಬರೆದಿಡಲೇಬೇಕು.

ಅಂಕದ ಪಕ್ಕದಲ್ಲೇ ಬೀಡಿ, ಸಿಗರೇಟಿನ ಅಭ್ಯಾಸವನ್ನೂ ಬರೆಯುತ್ತೇನೆ. ಧೂಮಪಾನಿಗಳ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಒಳಗೆ ಮೂಳೆ ಕರಗುತ್ತಿದ್ದರೂ ಅಂಕ ಕೆಳಗೇ ಉಳಿಯುತ್ತದೆ. ಅಂಥವರಲ್ಲಿ ಪಾಕೆಟಿನ ಆಳ ಅಳೆಯದೆ ಕಳಿಸಬಾರದು. ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಇದಕ್ಕೆ ತದ್ವಿರುದ್ಧ, ರಕ್ತ ಹೆಚ್ಚು.