ಪ್ರೋಟಿಯನ್ ಅನ್ನೋ ಪದ ತಲೇಲಿ ಕೂರಿಸ್ಕೊಳ್ಳೋದು ಹೆಂಗೆ, ಬಳಸೋದು ಎಲ್ಲಿ

ದಾವಣಗೆರೆಲಿ ಬ್ಯಾಂಕ್ ಎಕ್ಸಾಮ್‌ಗೆ ಓದೋ ಹುಡುಗ್ರ ನೋಟ್‌ಬುಕ್ ತೆಗೆದು ನೋಡ್ರಿ, ಪ್ರೋಟಿಯನ್ (protean) ಅನ್ನೋ ಇಂಗ್ಲಿಷ್ ಪದದ ಎದುರಿಗೆ "ಬದಲಾಗುವ" ಅಂತ ಬರ್ದಿರ್ತಾರೆ, ಮರ್ಕ್ಯೂರಿಯಲ್ ಎದುರಿಗೂ ಅದೇ, ಫಿಕಲ್ ಎದುರಿಗೂ ಅದೇ. ಹಿಂಗೆ ಓದಿದ್ರೆ ಮೂರೂ ಒಟ್ಟಿಗೆ ಆಪ್ಷನ್ ಆಗಿ ಬಂದ ದಿನ ಯಾವುದಕ್ಕೆ ಟಿಕ್ ಹಾಕ್ಬೇಕು ಅಂತ ಗೊತ್ತಾಗಲ್ಲ. ಅರ್ಥ ಉರು ಹೊಡೆಯೋ ಬದಲು ಪದ ಎಲ್ಲಿಂದ ಬಂತು ಅಂತ ಹಿಡಿದ್ರೆ ಕೆಲಸ ಸಲೀಸು.

ಮೊದ್ಲು ಸ್ಪೆಲಿಂಗ್ ನೋಡ್ಕೊಳ್ಳಿ. ಪ್ರೋಟೀನ್‌ಗೂ ಇದಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ಅಲ್ಲಿ ಕೊನೇಲಿ ಇ ಐ ಎನ್, ಇಲ್ಲಿ ಇ ಎ ಎನ್. ಪ್ರೋಟೀನ್ ಅನ್ನೋದು 1838ರಲ್ಲಿ ಡಚ್ ರಸಾಯನ ವಿಜ್ಞಾನಿ ಮುಲ್ಡರ್ ಬಳಕೆಗೆ ತಂದ ಹೆಸರು, ನಮ್ಮ ಪದ ಅದಕ್ಕಿಂತ ಬಹಳ ಹಳೇದು.

ಇದರ ಮೂಲ ಗ್ರೀಕ್ ಪುರಾಣದ ಪ್ರೋಟಿಯಸ್, ಸಮುದ್ರದ ಮುದುಕ, ಕಡಲ ದೇವರ ಸೀಲ್ ಮಂದೆ ಕಾಯೋನು. ಹೋಮರನ ಒಡಿಸ್ಸಿ ಮಹಾಕಾವ್ಯದ ನಾಲ್ಕನೇ ಭಾಗದಲ್ಲಿ ಈ ಕತೆ ಬರುತ್ತೆ. ಟ್ರಾಯ್ ಯುದ್ಧ ಮುಗಿಸ್ಕೊಂಡು ಊರಿಗೆ ಹೊರಟ ಗ್ರೀಕ್ ರಾಜ ಮೆನೆಲೌಸ್ ಗಾಳಿ ಇಲ್ದೆ ಈಜಿಪ್ಟ್ ಹತ್ರದ ಫಾರೋಸ್ ದ್ವೀಪದಲ್ಲಿ ಸಿಕ್ಕಾಕೊಂಡಿರ್ತಾನೆ, ದಾರಿ ಗೊತ್ತಿರೋದು ಈ ಮುದುಕನಿಗೆ, ಆದ್ರೆ ಅವನು ಸುಮ್ನೆ ಕೇಳಿದ್ರೆ ಹೇಳೋ ಆಸಾಮಿ ಅಲ್ಲ. ಆಗ ಸ್ವಂತ ಮಗಳೇ ಅಪ್ಪನ್ನ ಹಿಡಿಯೋ ಉಪಾಯ ಹೇಳ್ಕೊಡ್ತಾಳೆ (ಎಂಥ ಮಗಳು ನೋಡ್ರಿ!), ಸೀಲ್ ಚರ್ಮ ಹೊದ್ಕೊಂಡು ಮಂದೆ ಮಧ್ಯ ಮಲಗಿ, ಅವನು ಮಧ್ಯಾಹ್ನ ನಿದ್ದೆಗೆ ಜಾರಿದ ತಕ್ಷಣ ಗಟ್ಟಿಯಾಗಿ ಹಿಡ್ಕೊಳ್ಳಿ, ಏನಾದ್ರೂ ಬಿಡ್ಬೇಡಿ ಅಂತ. ಹಿಡಿದ್ರೆ ಅವನು ಸಿಂಹ ಆದ, ಹಾವಾದ, ಚಿರತೆ ಆದ, ಹಂದಿ ಆದ, ಹರಿಯೋ ನೀರಾದ, ಕೊನೆಗೆ ಮರ ಆದ. ಮೆನೆಲೌಸ್ ಮತ್ತವನ ಜೊತೆಗಾರರು ಬಿಡ್ಲಿಲ್ಲ, ಅವನೇ ಸುಸ್ತಾಗಿ ತನ್ನ ರೂಪಕ್ಕೆ ಬಂದು ಎಲ್ಲಾ ಹೇಳಿದ.

ಈ ಕತೇಲೇ ಅರ್ಥ ಇರೋದು. ಬದಲಾಗಿದ್ದು ಅವನ ರೂಪ, ಮೂಡ್ ಅಲ್ಲ, ಮತ್ತೆ ಅಷ್ಟು ರೂಪದ ಒಳಗೂ ಆಸಾಮಿ ಒಬ್ಬನೇ. ಹಂಗಾಗಿ ಡೌಟ್ ಬಂದಾಗೆಲ್ಲ ಬದಲಾಗ್ತಿರೋದು ಏನು ಅಂತ ಕೇಳ್ಕೊಳ್ಳಿ. ಬೆಳಿಗ್ಗೆ ನಗ್ತಾ ಮಾತಾಡಿ ಮಧ್ಯಾಹ್ನ ಕಾರಣ ಇಲ್ದೆ ಕೂಗಾಡೋ ಮ್ಯಾನೇಜರ್ ಮರ್ಕ್ಯೂರಿಯಲ್. ಇವತ್ತು ಒಬ್ಬರ ಪಾರ್ಟಿ ನಾಳೆ ಇನ್ನೊಬ್ಬರ ಪಾರ್ಟಿ ಅನ್ನೋನು ಫಿಕಲ್. ಪ್ರೋಟಿಯನ್ ಅಂದ್ರೆ ಬೇರೆ ಬೇರೆ ರೂಪ ತಾಳೋ ತಾಕತ್ತು. ಚಿತ್ರದುರ್ಗ ಜಿಲ್ಲೆ ಸಾಣೇಹಳ್ಳಿಯ ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕ ಕಟ್ಕೊಂಡು ಊರೂರು ತಿರುಗುತ್ತಲ್ಲ, ಅಂಥ ತಂಡದಲ್ಲಿ ಒಬ್ಬನೇ ನಟ ಒಂದು ರಾತ್ರಿ ರಾಜ, ಮಾರನೇ ರಾತ್ರಿ ಕಳ್ಳ, ಮೂರನೇ ರಾತ್ರಿ ಹಣ್ಣು ಮುದುಕ ಆಗಿ ಮೂರನ್ನೂ ನಂಬಿಸಿದ್ರೆ ಅವನನ್ನ ಪ್ರೋಟಿಯನ್ ಆಕ್ಟರ್ ಅನ್ಬಹುದು. ನಮ್ಮಲ್ಲಿ ಬಹುರೂಪಿ ಅಂತೀವಲ್ಲ, ಅದು ಹತ್ರ ಬರುತ್ತೆ. ಊಸರವಳ್ಳಿ ಅಂತ ಮಾತ್ರ ಬರ್ಕೋಬೇಡಿ, ಅದು ಬೈಗುಳ, ಇದು ಹೆಚ್ಚಾಗಿ ಹೊಗಳಿಕೆ.

ಮನುಷ್ಯರಿಗಷ್ಟೇ ಅಲ್ಲ, ಟ್ಯಾಲೆಂಟ್, ಭಾಷೆ, ಕಾಯಿಲೆ ಇವಕ್ಕೂ ಹಾಕ್ತಾರೆ. ಒಬ್ಬೊಬ್ಬ ಪೇಷಂಟ್‌ನಲ್ಲಿ ಒಂದೊಂದು ಥರ ಕಾಣಿಸ್ಕೊಳ್ಳೋ ಕಾಯಿಲೆನ ಡಾಕ್ಟ್ರುಗಳು ಪ್ರೋಟಿಯನ್ ಅಂತಾರೆ, ಅಲ್ಲಿ ಹೊಗಳಿಕೆ ಏನೂ ಇಲ್ಲ. ಹವಾಮಾನಕ್ಕೆ ಹಾಕೋದು ನನಗಂತೂ ಸರಿ ಅನ್ನಿಸಲ್ಲ, ಮಳೆ ಬಿಸಿಲು ಬದಲಾಗೋದಕ್ಕೆ ಚೇಂಜಬಲ್ ಸಾಕು.

ಇಷ್ಟಾದ್ರೂ ಮರೆತ್ರೆ ಹೈಸ್ಕೂಲ್ ಬಯಾಲಜಿ ನೆನಪು ಮಾಡ್ಕೊಳ್ಳಿ, ಗೊತ್ತುಗುರಿ ಇಲ್ದೆ ಗೆರೆ ಎಳೆದು ಚಿತ್ರ ಬರೀತಿದ್ವಲ್ಲ ಅಮೀಬಾ, ಅದರ ಒಂದು ಜಾತಿಯ ಹೆಸರೇ ಅಮೀಬಾ ಪ್ರೋಟಿಯಸ್. ನೆಪ್ಚೂನ್ ಗ್ರಹದ ಸುತ್ತ 1989ರಲ್ಲಿ ವಾಯೇಜರ್ 2 ಬಾಹ್ಯಾಕಾಶ ನೌಕೆ ಕಂಡುಹಿಡಿದ ಒಂದು ಚಂದ್ರನಿಗೂ ಇದೇ ಹೆಸರಿದೆ, ಆದ್ರೆ ಅದು ರೂಪ ಬದಲಿಸುತ್ತೆ ಅಂತ ಅಲ್ಲ, ಆ ಗ್ರಹದ ಚಂದ್ರಗಳಿಗೆಲ್ಲ ನೀರಿನ ದೇವತೆಗಳ ಹೆಸರಿಡೋದು ರೂಢಿ ಅಷ್ಟೇ.